ಸವರಿ ಹಾಕಿದ ಏಣು

ಅವಳ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಆಫೀಸಿನವರು ಆಡಿಕೊಳ್ಳುತ್ತಿದ್ದರು. ಆ ದಿನ ಅದು ನೆತ್ತಿಗೇರಿತ್ತು. ಊರುಗೋಲಿನ ಹಿಡಿಕೆಯೊಂದನ್ನು ಮೂರು ವಾರ ಕಂಪ್ಯೂಟರಿನಲ್ಲಿ ತಿದ್ದಿ ತೀಡಿದ್ದಳು. ಹಿಡಿಕೆ ಕೋಲಿಗೆ ಕೂಡುವ ಕಡೆ, ಕಿರುಬೆರಳು ಊರಿ ನಿಲ್ಲಲೆಂದು ಉಬ್ಬಿದ ಸಣ್ಣದೊಂದು ಏಣು ಉಳಿಸಿದ್ದಳು. ಒಂದು ದಿನ ರಜೆ ಹಾಕಿ ಬರುವಷ್ಟರಲ್ಲಿ ಮುಖ್ಯಸ್ಥ ಅದನ್ನು ಸವರಿ ಹಾಕಿದ್ದ.

ಅವನಿಗೆ ಎಲ್ಲರೂ ಇಟ್ಟ ಹೆಸರು ನುಣುಪಣ್ಣ. ವಸ್ತುವಿನ ಎರಡು ಮೈಗಳು ಎಲ್ಲೇ ಕೂಡಲಿ, ಗುರುತೇ ಸಿಗದಂತೆ ಬೆಸೆಯಬೇಕು ಅವನಿಗೆ. ಪರದೆಯ ಮೇಲಿನ ಆಕಾರಕ್ಕೆ ಕಪ್ಪು ಬಿಳಿ ಪಟ್ಟೆ ಹಾಯಿಸಿ ನೋಡುತ್ತಿದ್ದ. ಕೂಡಿದ ಕಡೆ ಪಟ್ಟೆ ಮುರಿಯದೆ ಹರಿದರೆ ಸ್ವರ್ಗಕ್ಕೆ ಮೂರೇ ಗೇಣು.

"ಏಣು ಎಲ್ಲಿ ಸಾರ್?"

"ಪಟ್ಟೆ ನೋಡಮ್ಮ, ಎಷ್ಟು ಚೆನ್ನಾಗಿ ಹರೀತಿದೆ."

"ಪಟ್ಟೆ ಹಿಡ್ಕೊಂಡು ಯಾರೂ ನಡಿಯಲ್ಲ. ಇದು ಕೈ ಜಾರುತ್ತೆ."

ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಆಸಾಮಿ ಅವನು. ನಾಲ್ಕು ಗಂಟೆಗೆ ಫೈಲು ಅಚ್ಚು ಕೊರೆಯುವವರಿಗೆ ಹೋಗಬೇಕಿತ್ತು, ಉಕ್ಕಿನಲ್ಲಿ ಕೊರೆದ ಮೇಲೆ ತಿದ್ದುವ ಮಾತಿಲ್ಲ. ಅವಳು ಹಲ್ಲು ಕಡಿದುಕೊಂಡು, "ಎರಡನ್ನೂ ಪ್ರಿಂಟ್ ತೆಗೀತೀನಿ. ನಮ್ಮಮ್ಮ ಕೋಲು ಹಿಡಿದೇ ನಡಿಯೋದು. ಅವರ ಕೈಗೇ ಕೊಟ್ಟು ನೋಡೋಣ" ಎಂದಳು. ಅವನು ಒಪ್ಪಿದ.

ಮೂರೂವರೆಗೆ ಅಮ್ಮ ಕೋಲೂರಿ ಎಡಗಾಲು ಎಳೆಯುತ್ತಾ ಬಂದಳು. ಇವಳು ತನ್ನ ಹಿಡಿಕೆ ತರಲು ಪ್ರಿಂಟರಿನ ಕೋಣೆಗೆ ಹೋಗಿ ಬರುವಾಗ ನುಣುಪಣ್ಣ ತನ್ನದನ್ನು ಒಂದು ಕೋಲಿಗೆ ಸಿಕ್ಕಿಸಿ ಅಮ್ಮನ ಕೈಗಿಟ್ಟಾಗಿತ್ತು.

"ಬಹಳ ಚೆನ್ನಾಗಿದೆ" ಎನ್ನುತ್ತಿದ್ದಳು ಅಮ್ಮ. "ಕೈಯಲ್ಲಿ ಕೂತ ಹಾಗಿದೆ."

"ಕೇಳಿದೆಯಲ್ಲ?" ಎಂದು ನುಣುಪಣ್ಣ ನಕ್ಕ. ಅವಳು ಅಮ್ಮನ ರಟ್ಟೆ ಹಿಡಿದು ಮೆಟ್ಟಿಲ ಹತ್ತಿರ ಕರೆತಂದು ಕೂರಿಸಿದಳು.

"ನಿಜ ಹೇಳು. ಕೈ ಜಾರಲಿಲ್ವಾ?"

"ಜಾರಿತು. ಭಾರ ಹಾಕಿದ ತಕ್ಷಣ ಜಾರಿತು."

"ಮತ್ತೆ ಯಾಕೆ ಚೆನ್ನಾಗಿದೆ ಅಂದೆ?"

"ನಿಮ್ಮ ಮಗಳು ಮಾಡಿದ್ದು ಅಂದ್ರು ಅವರು."

ಅವಳ ಮೈಯೆಲ್ಲ ಉರಿದುಹೋಯಿತು. "ಸುಳ್ಳ. ಮಾಡಿದ್ದು ಅವನು. ನಾನೇ ಮಾಡಿದ್ರೂ ಜಾರುತ್ತೆ ಅನ್ನೋಕೆ ನಿಂಗೆ ಬಾಯಿ ಬಿದ್ದುಹೋಗಿತ್ತಾ?"

ಅಮ್ಮ ಮಂಡಿ ನೀವಿಕೊಂಡಳು. "ಹೋದ ವರ್ಷ ನೀನು ಮಾಡಿದ ಕುರ್ಚಿ ಬೆನ್ನಿಗೆ ಚುಚ್ಚುತ್ತೆ ಅಂದಿದ್ದೆ. ಮೂರು ದಿನ ನನ್ನ ಹತ್ರ ಮಾತು ಬಿಟ್ಟೆ. ಊಟಕ್ಕೆ ಕರೆದ್ರೂ ತಿರುಗಿ ನೋಡಲಿಲ್ಲ. ಇನ್ನು ನಿನ್ನ ಕೆಲಸದಲ್ಲಿ ಕೊಂಕು ತೆಗೀಬಾರದು ಅಂತ ಆವತ್ತೇ ತೀರ್ಮಾನ ಮಾಡ್ಕೊಂಡೆ."

ಆ ಕುರ್ಚಿಯ ನಂತರ ಅವಳು ಮನೆಗೆ ಒಯ್ದು ತೋರಿಸಿದ್ದಕ್ಕೆಲ್ಲ ಅಮ್ಮ ಚೆನ್ನಾಗಿದೆ ಎಂದೇ ಅಂದಿದ್ದಳು. ಅದನ್ನು ನಂಬಿ ತಾನು ಬೀಗಿದ್ದೂ ನೆನಪಾಯಿತು. ಅವಳಿಗೆ ತನ್ನ ಮೇಲೇ ಅಸಹ್ಯವಾಗುವಷ್ಟು ಸಿಟ್ಟು ಬಂತು.

ನಾಲ್ಕಕ್ಕೆ ಹತ್ತು ನಿಮಿಷ ಉಳಿದಿತ್ತು.

"ಏಳಮ್ಮ, ಒಳಗೆ ಹೋಗೋಣ. ಅವನೆದುರಿಗೇ ಹೇಳು, ಜಾರುತ್ತೆ ಅಂತ."

ಅಮ್ಮ ಗೋಡೆ ಹಿಡಿದು ಎದ್ದಳು. "ನಿನ್ನದನ್ನೂ ಕೈಗೆ ಕೊಡ್ತಾರಲ್ಲ. ಅದೂ ಜಾರಿದ್ರೆ ಏನನ್ನಲಿ?"

"ನಂದು ಜಾರಲ್ಲ" ಎಂದು ಅವಳು ಸಿಡಿದಳು.

ಅಮ್ಮ ಮಗಳ ಮುಖ ನೋಡಿದಳು. "ಸರಿ ಬಿಡು, ಚೆನ್ನಾಗಿದೆ ಅಂತೀನಿ."