ಜೇಬಿಲ್ಲದ ಗೌನು

ಹೊಲಿಗೆಯಕ್ಕ ಸಿನಿಮಾವನ್ನು ಎಂದೂ ಕೂತು ನೋಡಿದವರಲ್ಲ. ನಮ್ಮ ಸಿನಿಮಾ ಅಧ್ಯಯನ ವಿಭಾಗದ ವೀಕ್ಷಣಾ ಕೋಣೆಯಲ್ಲಿ ಹನ್ನೆರಡು ಕುರ್ಚಿಗಳಿದ್ದರೂ ಅವರು ಪರದೆಯೆದುರು ಒಂದು ಕೈಯನ್ನು ಸೊಂಟಕ್ಕಿಟ್ಟು, ಕೊರಳನ್ನು ತುಸು ಓರೆಮಾಡಿ, ಗಿರಾಕಿಯ ಮೈಗೆ ಬಟ್ಟೆ ಸರಿಯಾಗಿ ಕೂತಿದೆಯೋ ಇಲ್ಲವೋ ಎಂದು ಪರೀಕ್ಷಿಸುವ ಭಂಗಿಯಲ್ಲೇ ನಿಂತಿರುತ್ತಿದ್ದರು. ದನಿಯನ್ನಂತೂ ಪೂರ್ತಿ ಅಡಗಿಸಿಬಿಡುತ್ತಿದ್ದರು. ಮಾತು ಕೇಳುತ್ತ ಕೂತರೆ ಕಣ್ಣು ಸೋಮಾರಿಯಾಗುತ್ತದೆ ಎಂಬುದು ಅವರ ಸಮರ್ಥನೆ.

ಇಪ್ಪತ್ತು ವರ್ಷ ಹೊಲಿಗೆ ಯಂತ್ರ ತುಳಿದು, ಮಗಳ ಓದು ಮುಗಿಸಿ, ನಲವತ್ತಾರನೆಯ ವಯಸ್ಸಿನಲ್ಲಿ ಸ್ನಾತಕೋತ್ತರ ತರಗತಿಗೆ ಸೇರಿದವರು ಅವರು. ಯಂತ್ರ ತುಳಿದು ತುಳಿದು ರೂಢಿಯಾದ ಬಲಗಾಲು ನಡೆಯುವಾಗಲೂ ಎಡಗಾಲಿಗಿಂತ ಬಿರುಸಾಗಿ ನೆಲ ಮುಟ್ಟುತ್ತಿದ್ದುದರಿಂದ, ಮೊಗಸಾಲೆಯಲ್ಲಿ ಅವರು ಬರುತ್ತಿದ್ದುದು ಕಾಣುವ ಮೊದಲೇ ಕೇಳುತ್ತಿತ್ತು. ತೀರಿಹೋದ ಅಣ್ಣನ ಕಂದು ಕೋಟನ್ನು ಪೂರ್ತಿ ಬಿಚ್ಚಿ, ತಮ್ಮ ಅಳತೆಗೆ ಹೊಲಿದುಕೊಂಡು, ಒಳಗಡೆ ಆರು ಜೇಬು ಇಟ್ಟುಕೊಂಡಿದ್ದರು; ಪೆನ್ಸಿಲು, ಸೀಮೆಸುಣ್ಣ, ಅಳತೆ ಟೇಪು, ಕನ್ನಡಕ, ಒಂದೊಂದಕ್ಕೂ ಅದರದೇ ಮನೆ. ತರಗತಿಯಲ್ಲಿ ಯಾರ ವಾದವನ್ನೂ ತಪ್ಪೆಂದು ಜರೆದವರಲ್ಲ. "ತಾಳಿ, ಅಲ್ಲೊಂದು ಮಡಿಕೆ ಇದೆ" ಎನ್ನುತ್ತಿದ್ದರು, ಅಷ್ಟೇ. ಆ ಮಡಿಕೆ ಬಿಚ್ಚಿದರೆ ವಾದದ ಅರ್ಧ ಬಟ್ಟೆ ಹೊರಗೆ ಬೀಳುತ್ತಿತ್ತು.

ನಾನಾದರೋ ತರಗತಿಗೆಲ್ಲ ಮೊದಲಿಗ, ಗ್ರಂಥಾಲಯದ ಕಪಾಟುಗಳನ್ನು ಅರೆದು ಕುಡಿದವನೆಂಬ ಹಮ್ಮಿನವನು. ನಮ್ಮಿಬ್ಬರಿಗೂ ಒಬ್ಬರೇ ಮಾರ್ಗದರ್ಶಕಿ. ಫಿಲ್ಮ್ ನ್ವಾರ್ ಎಂದು ವಿದ್ವಾಂಸರು ಕರೆಯುವ, ಕೊಲೆ ಮೋಸಗಳ ಆ ಹಳೆಯ ಕಪ್ಪು-ಬಿಳುಪು ಚಿತ್ರಗಳನ್ನು ಆಕೆ ನಮಗೆ ಹಂಚಿಕೊಟ್ಟಿದ್ದರು: ತೆರೆಯ ಹಿಂದಿನಿಂದ ಕಥೆ ಹೇಳುವ ಗಂಡಿನ ದನಿ ನನ್ನ ಪಾಲಿಗೆ, ಅವನು ಬಣ್ಣಿಸುವ ಹೆಣ್ಣು ಅಕ್ಕನ ಪಾಲಿಗೆ. ನಾನು ಮೂವತ್ತು ಪುಟ ಬರೆದುಕೊಟ್ಟರೆ ಮಾರ್ಗದರ್ಶಕಿ 'ಚೆನ್ನಾಗಿದೆ' ಎಂದು ಮೂಲೆಯಲ್ಲಿ ಗೀಚುತ್ತಿದ್ದರು. ಅಕ್ಕನ ಮೂರು ಪುಟಕ್ಕೆ ಕುರ್ಚಿ ಎಳೆದು ಕೂರಿಸಿಕೊಂಡು ಒಂದು ಗಂಟೆ ಮಾತಾಡುತ್ತಿದ್ದರು. ಆ ಮುಚ್ಚಿದ ಬಾಗಿಲಿನ ಹೊರಗೆ ಬೆಂಚಿನ ಮೇಲೆ ಕಾಯುತ್ತ, ಒಳಗಿನ ನಗು ಕೇಳಿಸಿದಾಗಲೆಲ್ಲ ನನ್ನ ಪುಟಗಳ ಮೂಲೆಯ ಆ ಒಂದೇ ಪದವನ್ನು ಮತ್ತೆ ತೆರೆದು ನೋಡುತ್ತಿದ್ದೆ.

ಒಂದು ಮಧ್ಯಾಹ್ನ ಕ್ಯಾಂಟೀನಿನಲ್ಲಿ ಅಕ್ಕ ನನ್ನೆದುರು ಬಂದು ಕೂತರು. ನಾನು ಹನ್ನೊಂದು ಸಲ ನೋಡಿದ್ದ ಒಂದು ಚಿತ್ರದ ಮಾತು ಬಂತು. ಅದರಲ್ಲಿ ನಾಯಕಿ ಗೌನಿನ ಜೇಬಿನಿಂದ ಪಿಸ್ತೂಲು ತೆಗೆದು ಗಂಡನನ್ನು ಕೊಂದಳೆಂದು ನಾಯಕ ನಮಗೆ ಹೇಳುತ್ತಾನೆ. ತೆರೆಯ ಮೇಲೆ ಕಾಣುವುದು ಅವಳ ಬೆನ್ನು ಮಾತ್ರ.

"ತಮ್ಮಾ, ಆ ಗೌನಿಗೆ ಜೇಬೇ ಇಲ್ಲ ಕಣೋ," ಎಂದರು. "ಕ್ರಾಸ್ ಕಟಿಂಗ್ ರೇಷ್ಮೆ ಅದು, ಮೈಗೆ ಅಂಟ್ಕೊಳ್ಳೋ ಹಾಗೆ ಓರೆಯಾಗಿ ಕತ್ತರಿಸಿದ್ದು. ಒಂದು ಕರ್ಚೀಫ್ ಇಟ್ರೂ ಹೊರಗೆ ಉಬ್ಬಿ ಕಾಣುತ್ತೆ. ಪಿಸ್ತೂಲು ಇದ್ದಿದ್ದು ಕಥೆ ಹೇಳೋ ಅವನ ಕೋಟಲ್ಲೇ. ಅವನು ಹೇಳಿದ್ದನ್ನ ಎಲ್ರೂ ನಂಬಿದ್ರು, ಅವಳ ಬಟ್ಟೆ ಯಾರೂ ನೋಡ್ಲಿಲ್ಲ."

ನಾನು ತಲೆಯಾಡಿಸಿದೆ. ಮರುವಾರದ ವಿಚಾರಗೋಷ್ಠಿಯಲ್ಲಿ, ಆ ಮಾತನ್ನೇ ಸಂಸ್ಕೃತಭೂಯಿಷ್ಠವಾದ ನನ್ನ ಗದ್ಯದಲ್ಲಿ ಅದ್ದಿ ತೆಗೆದು, ನನ್ನ ಸ್ವಂತ ಶೋಧವೆಂಬಂತೆ ಓದಿದೆ. ಸಭೆ ತಲೆದೂಗಿತು. ಹಿರಿಯ ಪ್ರಾಧ್ಯಾಪಕರೊಬ್ಬರು ಎದ್ದು, ಅಂಥ ಗೌನಿಗೆ ಒಳಜೇಬು ಇದ್ದಿರಬಾರದೇಕೆ ಎಂದು ಕೇಳಿದರು. ನಾನು ಹಾಳೆಗಳನ್ನು ಹಿಂದೆ ಮುಂದೆ ತಿರುವತೊಡಗಿದೆ.

ಹಿಂದಿನ ಸಾಲಿನಿಂದ ಅಕ್ಕ ಎದ್ದು ನಿಂತರು. ಕರ್ಚೀಫಿನ ಎದುರುಬದುರು ಮೂಲೆಗಳನ್ನು ಎರಡು ಕೈಯಲ್ಲಿ ಹಿಡಿದು, ನಡುವೆ ಬೀಗದಕೈ ಗೊಂಚಲನ್ನು ಇಳಿಬಿಟ್ಟು, ಓರೆಯಾಗಿ ಕತ್ತರಿಸಿದ ಬಟ್ಟೆ ಭಾರಕ್ಕೆ ಹೇಗೆ ಜೋತು ವಿಕಾರವಾಗುತ್ತದೆಂದು ಎರಡೇ ನಿಮಿಷದಲ್ಲಿ ತೋರಿಸಿ ಕೂತುಬಿಟ್ಟರು. ಚಪ್ಪಾಳೆ ಬಿದ್ದದ್ದು ಅವರಿಗೆ. ನಾಚಿಕೆಯಿಂದ ಕುಗ್ಗಬೇಕಾಗಿದ್ದ ಆ ಗಳಿಗೆಯಲ್ಲಿ ನನಗೆ ಮೊದಲು ಹುಟ್ಟಿದ್ದು ಹೊಟ್ಟೆಕಿಚ್ಚೇ. ಕದ್ದ ವಸ್ತುವೂ ನನ್ನ ಕೈಯಲ್ಲಿ ಕಳೆಗುಂದಿ ಅವರ ಕೈಯಲ್ಲಿ ಬೆಳಗಿತಲ್ಲ ಎಂದು.

ಮೊಗಸಾಲೆಯಲ್ಲಿ ಅವರು ನನಗಾಗಿ ಕಾದಿದ್ದರು. "ನಿಮಗೆ ಬೇಕಿದ್ರೆ ಕೇಳಬಹುದಿತ್ತು, ಕೊಡ್ತಿದ್ದೆ," ಎಂದಷ್ಟೇ ಹೇಳಿ ನಡೆದರು. ಅಲ್ಲಿಯವರೆಗೆ ನಾನು ಅವರಿಗೆ ತಮ್ಮನಾಗಿದ್ದೆ.

ಮಾರ್ಗದರ್ಶಕಿಗೆ ಇದಾವುದೂ ತಿಳಿಯದು. ಜೇಬಿನ ವಿಚಾರ ಅಕ್ಕನ ಪ್ರಬಂಧದಲ್ಲಿ ಬಂದಾಗ, ಇದನ್ನು ಮೊದಲು ಮಂಡಿಸಿದವರ ಹೆಸರು ನಮೂದಿಸಬೇಕಲ್ಲ ಎಂದರಂತೆ. ಅಕ್ಕ ಚಕಾರವೆತ್ತದೆ ನಮೂದಿಸಿದರು. ಆ ಕರಡನ್ನು ನಾನು ಮಾರ್ಗದರ್ಶಕಿಯ ಮೇಜಿನ ಮೇಲೆ ಕಂಡೆ: ಅಡಿಟಿಪ್ಪಣಿಯಲ್ಲಿ ನನ್ನ ಹೆಸರು, ಪಕ್ಕದಲ್ಲಿ ನನ್ನ ಗೋಷ್ಠಿಯ ದಿನಾಂಕ. ವ್ಯಂಗ್ಯದ ಸುಳಿವಿಗಾಗಿ ಆ ಸಾಲನ್ನು ಎಷ್ಟು ಸಲ ಓದಿದರೂ ಸಿಗಲಿಲ್ಲ. ಮೂರು ದಿನ ಅವರ ಬಾಗಿಲವರೆಗೆ ಹೋಗಿ ಮರಳಿ, ನಾಲ್ಕನೆಯ ದಿನ ಬೆಳಿಗ್ಗೆ ಒಳಹೊಕ್ಕು ಎಲ್ಲವನ್ನೂ ಒಪ್ಪಿಕೊಂಡೆ. ಶಿಕ್ಷೆಯಾಗಿ ನನ್ನ ಪದವಿ ಆರು ತಿಂಗಳು ಮುಂದಕ್ಕೆ ಹೋಯಿತು. ಅಕ್ಕನ ಅಡಿಟಿಪ್ಪಣಿ ಅಳಿಯಿತು.

ಸುದ್ದಿ ತಿಳಿದ ಅಕ್ಕ, ವೀಕ್ಷಣಾ ಕೋಣೆಯಲ್ಲಿ ಪರದೆಯಿಂದ ಕಣ್ಣು ತೆಗೆಯದೆ, "ಆ ಸಿನಿಮಾದಲ್ಲಿ ಕಥೆ ಹೇಳೋನು ಕೊನೇವರೆಗೂ ನಿಜ ಬಾಯಿ ಬಿಡ್ಲಿಲ್ಲ. ನೀವು ಬಿಟ್ರಿ," ಎಂದರು. ಅದು ಕ್ಷಮೆಯೋ ಬರೀ ವರದಿಯೋ ನಾನು ಇನ್ನೂ ನಿರ್ಧರಿಸಲಾರೆ. ಬಹುವಚನವನ್ನಂತೂ ಅವರು ಕೊನೆಯವರೆಗೂ ಸಡಿಲಿಸಲಿಲ್ಲ.

ಪುಸ್ತಕದಿಂದ ಕಲಿತ ನಮ್ಮಂಥವರು ಕಂಡದ್ದನ್ನು ನಮ್ಮದೆಂದು ಹೇಳಿಕೊಳ್ಳುವ ಆತುರದಲ್ಲೇ ಅರ್ಧ ಆಯುಷ್ಯ ಸವೆಸುತ್ತೇವೆ. ಕೈಕೆಲಸದಿಂದ ಕಲಿತವರಿಗೆ ಆ ಆತುರವಿಲ್ಲ, ಏಕೆಂದರೆ ನಾಳೆಯೂ ತಮಗೆ ಇನ್ನೊಂದು ಕಾಣುತ್ತದೆಂಬುದು ಅವರಿಗೆ ಗೊತ್ತು. ಅವರಿಂದ ಏನನ್ನಾದರೂ ಕದಿಯಬಹುದು, ಆ ನಿಶ್ಚಿಂತೆಯೊಂದನ್ನುಳಿದು. ನನ್ನ ಹೊಟ್ಟೆಕಿಚ್ಚು ಅಂದೂ ಅದರ ಮೇಲೇ ಇತ್ತು. ಇಂದು ನಾನೇ ಪಾಠ ಹೇಳುವವನಾದ ಮೇಲೂ ಅದರ ಮೇಲೇ ಇದೆ.