ಅಕ್ಕನ ಒಂದು ಸಾಲು

ನಮ್ಮ ಫ್ಯಾನ್ ಕಂಪನಿಯಲ್ಲಿ ವರ್ಷಕ್ಕೊಮ್ಮೆ ಎಲ್ಲರೂ ತಮ್ಮ ಬೆನ್ನು ತಾವೇ ತಟ್ಟಿಕೊಳ್ಳಬೇಕು. ಅದಕ್ಕೊಂದು ಫಾರಂ ಇದೆ. ‘ಈ ವರ್ಷ ನಾನು ಏನು ಸಾಧಿಸಿದೆ’ ಎಂದು ಮೇಲೆ ಅಚ್ಚಾಗಿರುತ್ತದೆ, ಕೆಳಗೆ ಇಪ್ಪತ್ತು ಖಾಲಿ ಗೆರೆ. ಬಡ್ತಿ, ತರಬೇತಿ, ಬಹುಮಾನ ಎಲ್ಲವೂ ಆ ಗೆರೆಗಳ ಮೇಲೆ ನಿಂತಿರುವುದರಿಂದ, ದಿನವಿಡೀ ಭಾರ ಎತ್ತುವ ಗಟ್ಟಿ ಆಳುಗಳೂ ಅದನ್ನು ಕಂಡರೆ ಬೆವರುತ್ತಾರೆ.

ವಾಪಸ್ ಬಂದ ಫ್ಯಾನುಗಳ ಗೋದಾಮಿನಲ್ಲಿರುವ ನಾವು ಎಂಟು ಜನ ಮಾತ್ರ ಬೆವರುವುದಿಲ್ಲ. ನಮಗೆ ಅಕ್ಕ ಇದ್ದಾರೆ.

ಅಕ್ಕ ನಮ್ಮ ಗುಮಾಸ್ತೆ. ಗಿರಾಕಿಗಳ ದೂರಿನ ಕಾಗದಗಳಿಗೆ ಉತ್ತರ ಬರೆಯುವುದು ಅವರ ಕೆಲಸ. ‘ನಿಮ್ಮ ಫ್ಯಾನ್ ಗಾಳಿಗಿಂತ ಸದ್ದನ್ನೇ ಹೆಚ್ಚು ಕೊಡುತ್ತದೆ’ ಎಂದು ಬೈದು ಬರೆದವರು, ಅಕ್ಕನ ಉತ್ತರ ಓದಿ ಮೆತ್ತಗಾಗಿ, ಕ್ಷೇಮ ವಿಚಾರಿಸಿ ಇನ್ನೊಂದು ಕಾಗದ ಬರೆದದ್ದುಂಟು. ಅಂಥವರ ಕೈಗೆ ನಮ್ಮ ಫಾರಂ ಸಿಕ್ಕರೆ ಕೇಳಬೇಕೆ? ಆದರೆ ಅಕ್ಕ ಸುಳ್ಳು ಬರೆಯುವುದಿಲ್ಲ, ಅದೊಂದು ತಾಪತ್ರಯ. ಮೇಜಿನ ಪಕ್ಕದ ಸ್ಟೂಲಿನ ಮೇಲೆ ಕೂರಿಸಿ, ನಿಜ ಹೊರಬರುವ ತನಕ ಬಿಡುವುದಿಲ್ಲ. ಹೋದ ವರ್ಷ ನನ್ನ ಸರದಿ ಹೀಗಿತ್ತು:

“ಈ ವರ್ಷ ಏನ್ ಮಾಡ್ದೆ?”

“ಏನಿಲ್ಲ ಅಕ್ಕ. ಪೆಟ್ಟಿಗೆ ಹೊತ್ತೆ.”

“ಮತ್ತೆ?”

“ಇಳಿಸ್ದೆ.”

“ಮತ್ತೆ?”

ಹತ್ತನೇ ‘ಮತ್ತೆ’ಗೆ, ಹಿಂಬಾಗಿಲಿಗೆ ಅಡ್ಡವಿದ್ದ ಪೆಟ್ಟಿಗೆಗಳನ್ನು ಸರಿಸಿದ್ದು ನೆನಪಾಯಿತು. ಅಲ್ಲಿ ಗಾಳಿಗೆ ಮೈಯೊಡ್ಡಿ ಒಂದು ನಿದ್ದೆ ತೆಗೆಯಲಿಕ್ಕೆ ಸರಿಸಿದ್ದು, ಅದನ್ನೂ ಹೇಳಿದೆ. “ಕಾರಣ ಅವ್ರು ಕೇಳಿಲ್ಲ ಬಿಡು” ಎಂದು ಅಕ್ಕ ಬರೆದರು: ‘ತುರ್ತು ದ್ವಾರಕ್ಕೆ ಅಡ್ಡವಿದ್ದ ಸರಕನ್ನು ಯಾರೂ ಹೇಳದೆಯೇ ತೆರವುಗೊಳಿಸಿದೆ.’ ಆ ಸಾಲಿಗೆ ನನಗೆ ಬಡ್ತಿ ಬಂತು. ನಾನದನ್ನು ಓದಿದ್ದು ಬಡ್ತಿ ಬಂದ ಮೇಲೆ. ಅಕ್ಕ ಬೆರಳಿಟ್ಟ ಕಡೆ ಸಹಿ ಹಾಕುವುದಷ್ಟೇ ನಮ್ಮ ಅಭ್ಯಾಸ.

ದೀಪದ ಬುಡದಲ್ಲಿ ಕತ್ತಲೆ. ಅಕ್ಕನ ಸ್ವಂತ ಫಾರಂನಲ್ಲಿ ಹನ್ನೊಂದು ವರ್ಷದಿಂದ ಇರುವುದು ಒಂದೇ ಸಾಲು: ‘ಹೇಳಿದ ಕೆಲಸ ಮಾಡಿದ್ದೇನೆ.’ ಕೇಳಿದರೆ, “ನನ್ ಬಗ್ಗೆ ನಾನೇ ಬರ್ಕೊಳ್ಳೋಕೆ ಕೈ ಬರಲ್ಲ ಕಣೋ” ಎಂದು ನಗುತ್ತಾರೆ. ಬಾಯಿದ್ದವನು ಬರಗಾಲದಲ್ಲೂ ಬದುಕಿದ ಎನ್ನುವ ಕಂಪನಿ ಇದು. ಅಕ್ಕ ಹನ್ನೊಂದು ವರ್ಷದಿಂದ ಅದೇ ಕುರ್ಚಿಯಲ್ಲಿದ್ದಾರೆ.

ಹಾಗಂತ ಆಸೆ ಇರಲಿಲ್ಲವೆಂದಲ್ಲ. ಒಮ್ಮೆ ಗೋಂದು ಹುಡುಕುತ್ತ ಅವರ ಡ್ರಾಯರ್ ಎಳೆದೆ. ಮೇಲ್ವಿಚಾರಕರ ತರಬೇತಿಯ ಪುಸ್ತಕ ಇತ್ತು, ಶಾಲೆಯ ಮಕ್ಕಳ ಹಾಗೆ ಖಾಕಿ ಬೈಂಡು ಹಾಕಿ, ಪುಟಗಳ ನಡುವೆ ದಾರ ಇಟ್ಟು. ಆ ತರಬೇತಿಗೆ ನಲವತ್ತೈದು ತುಂಬಿದವರನ್ನು ಸೇರಿಸುವುದಿಲ್ಲ. ಅಕ್ಕನಿಗೆ ಬರುವ ತಿಂಗಳು ತುಂಬುತ್ತದೆ. ಈ ಸಲ ತಪ್ಪಿದರೆ ಮುಗಿಯಿತು. ಡ್ರಾಯರ್ ಮುಚ್ಚುವಾಗ ನನಗೆ ನಿಜಕ್ಕೂ ಸಂಕಟವಾಯಿತು.

ನಾವೇ ಬರೆದುಬಿಡೋಣ ಎಂದು ಎಂಟು ಜನ ಕೂತೆವು. ಊಟದ ಬಿಡುವೆಲ್ಲ ಕಳೆದು ಹುಟ್ಟಿದ್ದು ಇಷ್ಟು: ‘ಅಕ್ಕ ಒಳ್ಳೆಯವರು. ತುಂಬಾ ಒಳ್ಳೆಯವರು. ಅವರಷ್ಟು ಒಳ್ಳೆಯವರು ಇನ್ನೊಬ್ಬರಿಲ್ಲ.’ ಬೆಟ್ಟ ಅಗೆದು ಇಲಿ ಹಿಡಿದ ಹಾಗಾಯಿತು. ಆದರೂ ಮೇಜಿನ ಮೇಲಿಟ್ಟು ಬಂದೆವು. ಸಂಜೆಗೆ ಕೆಂಪು ಪೆನ್ನಿನಲ್ಲಿ ಕಾಗುಣಿತ ತಿದ್ದಿಸಿಕೊಂಡು ಅದು ನಮಗೇ ವಾಪಸ್ ಬಂತು.

ಮರುದಿನ ಗಡಿಯಾರ ಬಂದರು. ಗಡಿಯಾರವೆಂದರೆ ನಮ್ಮ ಮ್ಯಾನೇಜರು. ಮಾತಿಗೊಮ್ಮೆ ಮಣಿಕಟ್ಟು ನೋಡಿಕೊಳ್ಳುವುದರಿಂದ ಆ ಹೆಸರು. ಅವರ ಫಾರಂ ಬರೆಯುವುದೂ ಅಕ್ಕನೇ. ಇದು ಗುಟ್ಟು ಎಂದು ಅವರೊಬ್ಬರೇ ಅಂದುಕೊಂಡಿದ್ದಾರೆ. ಮ್ಯಾನೇಜರುಗಳ ಫಾರಂನಲ್ಲಿ ಒಂದು ಪ್ರಶ್ನೆ ಹೆಚ್ಚು: ‘ಕೈಕೆಳಗಿನವರನ್ನು ಹೇಗೆ ಬೆಳೆಸಿದಿರಿ?’ ಪೆಟ್ಟಿಗೆಗೆ ಟೇಪು ಅಂಟಿಸುವ ನೆಪದಲ್ಲಿ ನಾನು ಪಕ್ಕದಲ್ಲೇ ಇದ್ದೆ.

“ಈ ವರ್ಷ ಯಾರನ್ನ ಬೆಳೆಸಿದ್ರಿ ಸರ್?”

“ಏನಾದ್ರೂ ಬರೀರಿ. ನಿಮಗೆ ಗೊತ್ತಿಲ್ದೇ ಇರೋದೇನಿದೆ?”

“ಮತ್ತೆ?”

“ಮತ್ತೇನೂ ಇಲ್ಲ. ನಂಗೆ ಮೀಟಿಂಗಿದೆ.”

ಅಕ್ಕ ಸ್ವಲ್ಪ ಹೊತ್ತು ಪೆನ್ನಿನ ಮುಚ್ಚಳ ಕಚ್ಚಿಕೊಂಡಿದ್ದು, ಬರೆದರು. “ಒಂದ್ಸಲ ಓದ್ಬಿಡಿ ಸರ್.”

“ನೀವು ಬರ್ದಿದ್ದನ್ನ ಓದೋದೇನು?” ಮ್ಯಾನೇಜರು ಮಣಿಕಟ್ಟು ನೋಡಿಕೊಂಡು, ಸಹಿ ಹಾಕಿ ಹೊರಟರು.

ನಾಲ್ಕನೇ ದಿನ ಮೇಲಿನ ಮಹಡಿಯಿಂದ ದೊಡ್ಡ ಮೇಡಂ ಇಳಿದು ಬಂದರು. ಬಡ್ತಿ, ತರಬೇತಿ ಎಲ್ಲ ಅವರ ಕೈಯಲ್ಲೇ. ಗೋದಾಮಿನ ಧೂಳಿಗೆ ಅವರು ಕಾಲಿಟ್ಟದ್ದು ನಾನು ಕಂಡಂತೆ ಅದೇ ಮೊದಲು. ಕೈಯಲ್ಲೊಂದು ಫಾರಂ ಇತ್ತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡರಂತೆ. ನಾವು ಎಂಟು ಜನವೂ ಪೆಟ್ಟಿಗೆಗಳ ಹಿಂದೆ ಸರಿದೆವು. ಮೇಡಂ ಮ್ಯಾನೇಜರನ್ನು ಕರೆಸಿ ಗಟ್ಟಿಯಾಗಿ ಓದಿದರು:

“‘ಈ ವರ್ಷ ನಾನು ಯಾರನ್ನೂ ಬೆಳೆಸಲಿಲ್ಲ. ನನ್ನ ಗುಮಾಸ್ತೆ ಹನ್ನೊಂದು ವರ್ಷದಿಂದ ಒಂದೇ ಸಾಲು ಬರೆದು ಕೊಡುತ್ತಿದ್ದಾರೆ. ಮತ್ತೆ? ಎಂದು ನಾನು ಒಮ್ಮೆಯೂ ಕೇಳಲಿಲ್ಲ.’”

ಮ್ಯಾನೇಜರ ಮುಖ ಸುಣ್ಣ ಬಳಿದಂತಾಯಿತು. ಅಕ್ಕ ಸ್ಟೇಪ್ಲರನ್ನೇ ನೋಡುತ್ತಿದ್ದರು.

“ನನ್ನ ಸರ್ವೀಸಲ್ಲಿ ತಪ್ಪು ಒಪ್ಕೊಂಡ ಮ್ಯಾನೇಜರ್ ನೀವೊಬ್ರೇ” ಎಂದರು ಮೇಡಂ. “ನೀವೇ ಬರ್ದಿದ್ದಾ?”

ಅಲ್ಲ ಎಂದರೆ ಬೇರೆಯವರ ಕೈಲಿ ಬರೆಸಿದ್ದು ಬಯಲಾಗುತ್ತದೆ. ಹೌದೆಂದರೆ ತಪ್ಪು ಕೊರಳಿಗೆ ಬೀಳುತ್ತದೆ. ಅತ್ತ ದರಿ, ಇತ್ತ ಪುಲಿ.

“ಹೌದು ಮೇಡಂ. ಮನಸ್ಸಲ್ಲಿದ್ದಿದ್ದು ಬರ್ದೆ.”

“ಹಾಗಾದ್ರೆ ಈಗ ಇವ್ರನ್ನ ಕೇಳಿ. ನಾನೂ ಕೇಳಿಸ್ಕೋತೀನಿ.”

ನಾವೆಲ್ಲ ಕೂರುವ ಸ್ಟೂಲಿನ ಮೇಲೆ ಮ್ಯಾನೇಜರು ಕೂತರು. ಅಕ್ಕನ ಫಾರಂ, ಅಕ್ಕನದೇ ಪೆನ್ನು.

“ಈ ವರ್ಷ ಏನ್ ಮಾಡಿದ್ರಿ?”

“ಹೇಳಿದ ಕೆಲ್ಸ ಮಾಡಿದೀನಿ ಸರ್.”

ಮ್ಯಾನೇಜರ ಕಣ್ಣು ಮಣಿಕಟ್ಟಿನತ್ತ ಹೊರಟು, ಮೇಡಂ ಮುಖ ಕಂಡು ಅರ್ಧ ದಾರಿಯಿಂದ ವಾಪಸ್ ಬಂತು.

“ಮತ್ತೆ?”

“ದೂರಿನ ಕಾಗದ ಎಲ್ಲ ಜೋಡಿಸಿಟ್ಕೋತೀನಿ.”

“ಮತ್ತೆ?”

ಅಕ್ಕ ಬೆರಳು ಹಿಸುಕಿಕೊಂಡರು. “ಸದ್ದು ಅಂತ ಬರೆದೋರ ಫ್ಯಾನೆಲ್ಲ ಒಂದೇ ಪಾಳಿಲಿ ತಯಾರಾಗಿದ್ದು ಸರ್. ರೆಕ್ಕೆ ಸ್ಕ್ರೂಗೆ ವಾಷರ್ ಹಾಕ್ತಿರ್ಲಿಲ್ಲ. ಆ ಪಾಳಿಯೋರಿಗೆ ನಾಲ್ಕು ಸಲ ಬರ್ದೆ. ಆಮೇಲೆ ಊಟದ ಬಿಡುವಲ್ಲಿ ನಾನೇ ಹೋಗಿ ತೋರಿಸ್ದೆ. ಅಲ್ಲಿಂದೀಚೆಗೆ ಫ್ಯಾನು ವಾಪಸ್ ಬರೋದು ಅರ್ಧಕ್ಕಿಳೀತು.”

ಮ್ಯಾನೇಜರು ತಲೆಯೆತ್ತಿ ತಮ್ಮ ಗಾಜಿನ ಕೋಣೆಯತ್ತ ನೋಡಿದರು. ವಾಪಸಾತಿಯನ್ನು ಅರ್ಧಕ್ಕಿಳಿಸಿದ್ದಕ್ಕೆ ಅವರಿಗೆ ಮೊನ್ನೆ ತಾನೇ ಸಿಕ್ಕ ಫಲಕ ಅಲ್ಲಿ ಮಿನುಗುತ್ತಿತ್ತು. ಅದು ಇಳಿದದ್ದು ಹೇಗೆ ಎಂದು ಪಾಪ, ಅವರಿಗೂ ಇವತ್ತೇ ಗೊತ್ತಾದದ್ದು. ಆಮೇಲೆ ಅವರು ಕೇಳಿದ ‘ಮತ್ತೆ’ಯಲ್ಲಿ ಮೇಡಂ ಭಯ ಇರಲಿಲ್ಲ. ಮಣಿಕಟ್ಟನ್ನೂ ನೋಡಿಕೊಳ್ಳಲಿಲ್ಲ.

ಇಪ್ಪತ್ತು ಗೆರೆ ತುಂಬಿ ಬರಹ ಹಾಳೆಯ ಹಿಂಬದಿಗೂ ಹೋಯಿತು. “ಮುಂದಿನ ವಾರದ ತರಬೇತಿಗೆ ಇವ್ರ ಹೆಸರು ಸೇರಿಸ್ತೀನಿ” ಎಂದರು ಮೇಡಂ. ಮ್ಯಾನೇಜರತ್ತ ತಿರುಗಿ, “ನಿಮ್ಮ ಪ್ರಾಮಾಣಿಕತೆಗೂ ಒಂದು ಫಲಕ ಕೊಡ್ಬೇಕು” ಎಂದರು. ನಾನು ನಗು ತಡೆಯಲಾಗದೆ ಖಾಲಿ ಪೆಟ್ಟಿಗೆಯೊಳಗೆ ತಲೆ ಹಾಕಿದೆ.

ಮ್ಯಾನೇಜರು ಫಾರಂ ಅಕ್ಕನ ಮುಂದಿಟ್ಟು ಸಹಿಯ ಜಾಗದಲ್ಲಿ ಬೆರಳಿಟ್ಟರು. ನಾವೆಲ್ಲ ಓದದೆ ಸಹಿ ಹಾಕಿದವರು. ಅಕ್ಕ ಓದಿದರು. ಯಾರದೋ ವಿಷಯ ಓದುವವರ ಹಾಗೆ ಒಂದೊಂದೇ ಸಾಲು ಓದಿದರು, ಹಿಂಬದಿ ತಿರುಗಿಸಿ ಓದಿದರು, ಕಣ್ಣೊರೆಸಿಕೊಂಡು ಮೊದಲಿನಿಂದ ಇನ್ನೊಮ್ಮೆ ಓದಿದರು. ಆಮೇಲೆ ಕೆಂಪು ಪೆನ್ನು ತೆಗೆದು, ಎಲ್ಲಕ್ಕಿಂತ ಮೇಲಿದ್ದ ‘ಹೇಳಿದ ಕೆಲಸ ಮಾಡಿದ್ದೇನೆ’ ಎಂಬ ಸಾಲನ್ನು ಹೊಡೆದು ಹಾಕಿ, ಕೆಳಗೆ ಸಹಿ ಮಾಡಿದರು.