ಗ್ಯಾಸ್ ಅಲ್ಲ

ಪಾಳ್ಯದ ಜವರಪ್ಪನವರ ಮನೆಯ ಹೆಂಗಸರಿಗೆ ಬರುತ್ತಿದ್ದ ಕಾಯಿಲೆ ಒಂದೇ, ಗ್ಯಾಸ್. ತೊಂಬತ್ತೆಂಟರ ಸುಗ್ಗಿ ಮುಗಿದ ಹೊಸತು. ಸೊಸೆ ಶಿವಲೀಲಾ ಮುದ್ದೆ ತಿರುವುತ್ತಿದ್ದವಳು ಬಲಪಕ್ಕೆ ಹಿಡಿದುಕೊಂಡು ಕುಸಿದು ಕೂತಳು. ಅತ್ತೆ ಕಲ್ಯಾಣಮ್ಮ ಓಮದ ಡಬ್ಬಿ ತೆಗೆದು ಅವಳಿಗಿಷ್ಟು ಕೊಟ್ಟು, ತಾವೂ ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡರು.

“ಅಗಿದು ನುಂಗ್ಬುಡು ಕಣವ್ವ. ಗ್ಯಾಸು.”

“ಬರೀ ಗ್ಯಾಸ್ ಆದ್ರೆ ಮುಟ್ಟು ಯಾಕತ್ತೆ ಏರುಪೇರಾಗ್ತೈತೆ? ತಿಂಗಳುಗಟ್ಟಲೆ ಬರಲ್ಲ, ಬಂದ್ರೆ ನಿಲ್ಲಲ್ಲ.”

“ಮೆತ್ತಗೆ! ಮಾವ ಜಗಲೀಲಿ ಕೂತವ್ರೆ.”

ಆ ಮಾವ ಜವರಪ್ಪನವರು ಮನೆಗೆ ಬಂದವರ ಮುಂದೆಲ್ಲ ಹೆಮ್ಮೆಯಿಂದ ಹೇಳುತ್ತಿದ್ದ ಮಾತೊಂದಿತ್ತು. “ಹೆಂಗಸರನ್ನ ಹೊರಗೆ ಕೂರಿಸೋ ಮನೆ ಅಲ್ಲ ನಮ್ದು. ಕೊರಳಲ್ಲಿ ಲಿಂಗ ಇದ್ದೋರಿಗೆ ಯಾವ ಸೂತಕ?” ಸುಳ್ಳಲ್ಲ. ಆ ದಿನಗಳಲ್ಲೂ ಶಿವಲೀಲಾ ಅಡುಗೆ ಮಾಡುತ್ತಿದ್ದಳು, ಲಿಂಗಪೂಜೆ ಮಾಡುತ್ತಿದ್ದಳು. ಬಾಯಿಬಿಟ್ಟು ಹೇಳುವಂತಿರಲಿಲ್ಲ, ಅಷ್ಟೇ. ಸೂತಕ ಮನೆಯಿಂದ ಹೋಗಿ ನಾಲಿಗೆಯ ಮೇಲೆ ಕೂತಿತ್ತು.

ಗಂಡ ದಯಾನಂದ ಒಳ್ಳೆಯವನೇ. ಆಲೂರಿನ ಡಾಕ್ಟರ ಹತ್ತಿರ ಹಲವು ಸಲ ಕರೆದೊಯ್ದಿದ್ದ. ಆದರೆ ಅವಳು ಬಾಯಿ ತೆರೆಯುವ ಮೊದಲೇ “ಗ್ಯಾಸು ಸಾರ್” ಅನ್ನುತ್ತಿದ್ದ. ಹೇಳಿದ್ದಕ್ಕೆ ತಾನೆ ಮದ್ದು? ಮಾತ್ರೆ ನುಂಗಿ ನುಂಗಿ ಅವಳಿಗೆ ಸಾಕಾಗಿತ್ತು.

ಈ ಸಲ ಅವಳು ಹಠ ಹಿಡಿದು ಅವನನ್ನು ಹಾಸನದ ಲೇಡಿ ಡಾಕ್ಟರ ಬಳಿಗೇ ಹೊರಡಿಸಿದಳು. ಡಾಕ್ಟರು “ಏನಮ್ಮ ತೊಂದರೆ?” ಅಂದದ್ದೇ ತಡ, ದಯಾನಂದ “ಗ್ಯಾಸು...” ಎಂದು ಶುರುಮಾಡಿದ.

“ನೋವು ನಂದು. ನಾನೇ ಹೇಳ್ತೀನಿ,” ಎಂದಳು ಶಿವಲೀಲಾ.

ಪಕ್ಕೆ ನೋವು, ಹೊಟ್ಟೆ ಉಬ್ಬರ, ಮುಟ್ಟಿನ ಏರುಪೇರು, ಆಲೂರಿನಲ್ಲಿ ಕೊಟ್ಟ ಗ್ಯಾಸಿನ ಮಾತ್ರೆ, ಒಂದನ್ನೂ ಬಿಡದೆ ಹೇಳತೊಡಗಿದಳು. ದಯಾನಂದನ ಕಿವಿ ಕೆಂಪಾಯಿತು. “ನಾನು ಹೊರಗಿರ್ತೀನಿ,” ಎಂದು ಎದ್ದ.

“ಕೂತ್ಕೊಳ್ರೀ. ನಿಮ್ಮನೇಲಿ ಹೆಂಗಸರನ್ನ ಹೊರಗೆ ಕೂರಿಸಲ್ಲ ತಾನೆ? ಗಂಡಸರೂ ಹೊರಗೆ ಕೂರೋದು ಬ್ಯಾಡ.”

ಅವನು ಕೂತ. ಸ್ಕ್ಯಾನಿಂಗ್‌ನಲ್ಲಿ ಅಂಡಾಶಯದ ಮೇಲೆ ನಿಂಬೆಹಣ್ಣಿನಷ್ಟು ನೀರುಗುಳ್ಳೆ ಕಂಡಿತು.

“ಔಷಧಿ ಕೊಡ್ತೀನಿ, ಮತ್ತೆ ಬಂದು ತೋರಿಸ್ಬೇಕು,” ಎಂದರು ಡಾಕ್ಟರು. “ಇಷ್ಟು ದಿನ ಪಕ್ಕೆ ನೋವನ್ನಷ್ಟೇ ಹೇಳಿ ಮುಟ್ಟಿನ ವಿಷಯ ಮುಚ್ಚಿಟ್ರೆ ಆಲೂರಿನ ಡಾಕ್ಟರಿಗಾದರೂ ಹೇಗಮ್ಮ ಗೊತ್ತಾಗ್ಬೇಕು? ಗುಳ್ಳೆ ತಿರುಚಿಕೊಂಡಿದ್ರೆ ಜೀವಕ್ಕೇ ಕುತ್ತು ಬರ್ತಿತ್ತು.”

ಮನೆ ತಲುಪಿದಾಗ ಜವರಪ್ಪನವರು ಜಗಲಿಯಲ್ಲೇ ಇದ್ದರು. “ಏನಂದ್ರೋ ಡಾಕ್ಟ್ರು?”

ಬಾಗಿಲ ಹಿಂದಿನಿಂದ ಕಲ್ಯಾಣಮ್ಮ ಹೊಟ್ಟೆ ಸವರಿ ತೋರಿಸಿದರು, ಗ್ಯಾಸ್ ಅಂತ ಹೇಳು ಎಂಬಂತೆ. ದಯಾನಂದ ಹೆಂಡತಿಯ ಮುಖ ನೋಡಿದ. ಅವಳು ನೆಟ್ಟಗೆ ಅವನನ್ನೇ ನೋಡುತ್ತಿದ್ದಳು.

“ಗ್ಯಾಸ್ ಅಲ್ಲ ಅಪ್ಪ. ಮುಟ್ಟಿನ ತೊಂದರೆ. ಅಂಡಾಶಯದಲ್ಲಿ ಗುಳ್ಳೆ ಐತಂತೆ.”

ಜವರಪ್ಪನವರು ತಡಬಡಾಯಿಸಿದರು. “ಇದನ್ನೆಲ್ಲ ಜಗಲೀಲಿ ಆಡ್ತಾರೇನೋ? ಸೊಸೆ ಮರ್ಯಾದೆ ನೋಡ್ಬೇಕಲ್ವೇನೋ? ನಮ್ಮವ್ವ ಏನೇ ಇದ್ರೂ ಹೊಟ್ಟೇಲೇ ಇಟ್ಕೊಂಡು ಬಾಳಿದ್ಲು.”

“ಅದು ಮರ್ಯಾದೆ ಅಲ್ಲ ಮಾವ, ಅವರಿಗಾದ ಅನ್ಯಾಯ,” ಎಂದಳು ಶಿವಲೀಲಾ. ಸ್ವರ ತಗ್ಗಿಸಲಿಲ್ಲ. “ಸೂತಕ ಇಲ್ಲ ಅಂತ ಇದೇ ಜಗಲೀಲಿ ಹೇಳ್ತೀರಿ. ಇದನ್ನೂ ಇಲ್ಲೇ ಕೇಳಿ.”

ಅಷ್ಟರಲ್ಲಿ ಕಲ್ಯಾಣಮ್ಮ ಬಾಗಿಲು ದಾಟಿ ಹೊರಗೆ ಬಂದರು. ಕೈಯಲ್ಲಿದ್ದ ಓಮದ ಡಬ್ಬಿಯನ್ನು ಗಂಡನ ಮುಂದೆ ಇಟ್ಟರು.

“ನಂಗೂ ಗ್ಯಾಸ್ ಅಲ್ಲ ಕಣ್ರೀ. ಮುಟ್ಟು ನಿಂತು ವರ್ಷಗಳೇ ಆಗಿತ್ತು, ಈಗ ಮತ್ತೆ ಕಾಣಿಸ್ಕೊಂಡೈತೆ. ಹೇಳೋಕೆ ಹೆದರಿಕೊಂಡು ಇದನ್ನೇ ಅಗೀತಿದ್ದೆ. ನಾಳೆ ನನ್ನೂ ಹಾಸನಕ್ಕೆ ಕರ್ಕೊಂಡೋಗಿ. ನೀವೇ ಬರ್ಬೇಕು, ಒಳಗೆ ಕೂತು ಕೇಳ್ಬೇಕು.”

ಜವರಪ್ಪನವರು ಡಬ್ಬಿಯನ್ನು ನೋಡಿದರು, ಹೆಂಡತಿಯ ಬಿಳಿಚಿದ ಮುಖವನ್ನು ಮೊದಲ ಸಲವೆಂಬಂತೆ ನೋಡಿದರು. ಆಮೇಲೆ ಮಗನ ಕಡೆ ತಿರುಗಿದರು.

“ಹಾಸನಕ್ಕೆ ಮೊದಲ ಬಸ್ಸು ಎಷ್ಟೊತ್ತಿಗೋ?”